ವೈರ್‌ಲೆಸ್ ಸ್ಥಾನಪತ್ತೆ ಕೆಲಸಕ್ಕೆ ಜರ್ಮನಿಗೆ: ಸಂಸಾರ ಸಮೇತ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ರೇಡಿಯೊ, ಫರ್ಮ್‌ವೇರ್ ಅಥವಾ ಸಿಗ್ನಲ್ ಪ್ರಾಸೆಸಿಂಗ್‌ನಲ್ಲಿ ಪಳಗಿದವರಿಗೆ ಜರ್ಮನಿಯಿಂದ ಬರುವ ಕರೆಗಳಲ್ಲಿ ಒಳಾಂಗಣ ಸ್ಥಾನಪತ್ತೆಯ ಕೆಲಸಗಳೂ ಇರುತ್ತವೆ. ಜಿಪಿಎಸ್ ಸಂಕೇತ ತಲುಪದ ಕಾರ್ಖಾನೆ, ಗೋದಾಮು, ಆಸ್ಪತ್ರೆಗಳ ಒಳಗೆ ಒಂದು ಟ್ರಾಲಿಯೋ ಫೋರ್ಕ್‌ಲಿಫ್ಟೋ ಈ ಕ್ಷಣ ಎಲ್ಲಿದೆ ಎಂದು ರೇಡಿಯೊ ಅಲೆಗಳಿಂದ ಲೆಕ್ಕ ಹಾಕುವ ಕೆಲಸ ಇದು. ಇದರ ಅನೇಕ ಕೊಂಡಿಗಳು ಬವೇರಿಯಾ ರಾಜ್ಯದಲ್ಲಿವೆ. ಫ್ರೌನ್‌ಹೋಫರ್ ಐಐಎಸ್ ಎಂಬ ಸಂಶೋಧನಾ ಸಂಸ್ಥೆ ಎರ್ಲಾಂಗನ್ ಮತ್ತು ನ್ಯೂರೆಂಬರ್ಗ್‌ನಲ್ಲಿದೆ. ಜಿಪಿಎಸ್‌ನಂಥದೇ ಆದ ಯುರೋಪಿನ ಗೆಲಿಲಿಯೊ ಉಪಗ್ರಹ ವ್ಯವಸ್ಥೆಯ ನಿಯಂತ್ರಣ ಕೇಂದ್ರಗಳಲ್ಲೊಂದು ಮ್ಯೂನಿಕ್ ಬಳಿಯ ಓಬರ್‌ಫಾಫನ್‌ಹೋಫನ್‌ನಲ್ಲಿದೆ. 2022ರ ಫುಟ್‌ಬಾಲ್ ವಿಶ್ವಕಪ್‌ನ ಚೆಂಡಿನೊಳಗೆ ಕೂತು ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುತ್ತಿದ್ದ ಸಂವೇದಕ ಮ್ಯೂನಿಕ್‌ನ ಕಿನೆಕ್ಸನ್ ಕಂಪನಿಯದು.

ಜರ್ಮನಿಗೆ ಹೋಗುವವರಿಗಾಗಿ ಬರೆದ ಸಲಹೆಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮುಗಿಸುವ ಸಾಫ್ಟ್‌ವೇರ್ ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಸ್ಥಾನಪತ್ತೆಯ ಕೆಲಸ ಹಾಗಲ್ಲ. ಯಂತ್ರಗಳು ಓಡುತ್ತಿರುವಾಗ ಛಾವಣಿಗೆ ಆ್ಯಂಕರ್ ಎಂಬ ಸ್ಥಿರ ರೇಡಿಯೊ ಪೆಟ್ಟಿಗೆಗಳನ್ನು ಕಟ್ಟಲು ಯಾರೂ ಬಿಡುವುದಿಲ್ಲ. ಹಾಗಾಗಿ ಕಾರ್ಖಾನೆ ನಿಂತಾಗ, ಅಂದರೆ ಆಗಸ್ಟ್‌ನಲ್ಲಿ ಮತ್ತು ಕ್ರಿಸ್‌ಮಸ್ ಸುತ್ತಮುತ್ತ, ನಿಮಗೆ ಕೈತುಂಬ ಕೆಲಸ. ಅದೇ ವಾರಗಳಲ್ಲಿ ಮಕ್ಕಳ ಶಾಲೆಗೂ ರಜೆ, ಕಿಟಾ ಎಂಬ ಶಿಶುವಿಹಾರಕ್ಕೂ ಬಹುಪಾಲು ರಜೆ. ಈ ಒಂದು ತಾಕಲಾಟವನ್ನು ಮುಂದಿಟ್ಟುಕೊಂಡೇ ಉಳಿದ ಎಲ್ಲ ದಿನಾಂಕಗಳನ್ನು ಗೊತ್ತುಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 1: ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೆಲಸವನ್ನು ಬಿಡಿಸಿ ಕೇಳಿ

‘ಲೋಕಲೈಸೇಷನ್ (ಸ್ಥಾನಪತ್ತೆ) ಎಂಜಿನಿಯರ್’ ಎಂಬ ಹುದ್ದೆಯ ಹೆಸರು ಏನನ್ನೂ ಹೇಳುವುದಿಲ್ಲ. ಅಲ್ಗಾರಿದಂ ಬರೆಯುವವರಿಗೂ ಚಿಪ್ ಪರೀಕ್ಷಿಸುವವರಿಗೂ ಗ್ರಾಹಕರ ಕಾರ್ಖಾನೆಯಲ್ಲಿ ವ್ಯವಸ್ಥೆ ನಿಲ್ಲಿಸಿಕೊಡುವವರಿಗೂ ಇದೇ ಹೆಸರು ನಡೆಯುತ್ತದೆ. ಮೊದಲಿಬ್ಬರು ಸಂಜೆ ಮನೆಯಲ್ಲಿರುತ್ತಾರೆ. ಮೂರನೆಯವರು ವಾರಗಟ್ಟಲೆ ಹೋಟೆಲಿನಲ್ಲಿರಬಹುದು. ಸಂದರ್ಶನದಲ್ಲಿ ‘ಪ್ರಯಾಣ ಶೇಕಡಾ ಎಷ್ಟು’ ಎಂದು ಕೇಳಿದರೆ ಸಿಗುವ ಉತ್ತರದಿಂದ ಸಂಸಾರಕ್ಕೆ ಉಪಯೋಗವಿಲ್ಲ. ‘ಕಳೆದ ವರ್ಷ ತಂಡ ಯಾವ ಯಾವ ವಾರಗಳಲ್ಲಿ ಹೊರಗಿತ್ತು’ ಎಂದು ಕೇಳಿ. ಬವೇರಿಯಾದ ಬೇಸಿಗೆ ರಜೆ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ನಡುವಿನವರೆಗೆ ಇರುತ್ತದೆ. ಅದರಲ್ಲಿ ಇಂತಿಷ್ಟು ವಾರ ಪ್ರಯಾಣವಿಲ್ಲ ಎಂಬ ಮಾತನ್ನು ಬರಹದಲ್ಲಿ ಪಡೆಯಿರಿ. ಜರ್ಮನ್ ಕಂಪನಿಗಳು ಇಂಥ ಕೋರಿಕೆಗೆ ಮುಖ ಸಿಂಡರಿಸುವುದು ಕಡಿಮೆ. ಬಾಯಿಮಾತಿನ ಭರವಸೆ ಮಾತ್ರ ಮುಂದೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಕಾನೂನು ನಿಮ್ಮ ಪರವಾಗಿದೆ. ದಿನಕ್ಕೆ 8 ಗಂಟೆಯ ಕೆಲಸ, ಷರತ್ತಿನ ಮೇಲೆ 10 ಗಂಟೆಯವರೆಗೆ ವಿಸ್ತರಣೆ, ಎರಡು ಪಾಳಿಗಳ ನಡುವೆ 11 ಗಂಟೆ ವಿಶ್ರಾಂತಿ. ಭಾನುವಾರದ ದುಡಿಮೆಗೆ ನಿಷೇಧವಿದ್ದು, ಗೊತ್ತಾದ ವಿನಾಯಿತಿಗಳು ಮಾತ್ರ ಇವೆ. ‘ಹೇಗಾದರೂ ಮಾಡಿ ರಾತ್ರಿಯೆಲ್ಲ ಕೂತು ಮುಗಿಸುತ್ತೇನೆ’ ಎಂಬ ನಮ್ಮ ಕಡೆಯ ಉತ್ಸಾಹವನ್ನು ಅಲ್ಲಿ ಯಾರೂ ಮೆಚ್ಚುವುದಿಲ್ಲ.

ಹಂತ 2: ಕೆಲಸದ ಹತ್ಯಾರಗಳನ್ನು ಹೊಂದಿಸಿಕೊಳ್ಳಿ

ಕಾರ್ಖಾನೆಗಳಲ್ಲಿ ನಿಖರತೆ ಬೇಕಾದ ಕಡೆ ಬಳಕೆಯಲ್ಲಿರುವುದು ಅಲ್ಟ್ರಾ ವೈಡ್‌ಬ್ಯಾಂಡ್, ಅಂದರೆ ಅತಿ ಚಿಕ್ಕ ರೇಡಿಯೊ ಮಿಡಿತಗಳು ಸಾಗಲು ಹಿಡಿದ ಸಮಯದಿಂದ ದೂರ ಅಳೆಯುವ ತಂತ್ರ. 2020ರ ಐಇಇಇ 802.15.4ಝಡ್ ಮಾನದಂಡವನ್ನು ಅರೆದು ಕುಡಿದಿರಬೇಕು. ಸುಮಾರು 500 ಮೆಗಾಹರ್ಟ್ಸ್ ಅಗಲದ ಚಾನೆಲ್, ಆದರೆ ಪ್ರತಿ ಮೆಗಾಹರ್ಟ್ಸ್‌ಗೆ -41.3 ಡಿಬಿಎಂ ಮೀರದ ಅತಿ ಕ್ಷೀಣ ಶಕ್ತಿ. 2019ರಲ್ಲಿ ಬ್ಲೂಟೂತ್ 5.1ರ ಜೊತೆ ಬಂದ ದಿಕ್ಕು ಪತ್ತೆ, 2024ರ ಬ್ಲೂಟೂತ್ 6.0ರ ಚಾನೆಲ್ ಸೌಂಡಿಂಗ್ ಎಂಬ ದೂರ ಅಳೆಯುವ ವಿಧಾನ, ಸಂಕೇತ ಹೋಗಿಬರುವ ಸಮಯವನ್ನು ಅಳೆಯುವ ವೈಫೈ ಆರ್‌ಟಿಟಿ, ಮೊಬೈಲ್ ಜಾಲಗಳ ಮಾನದಂಡವಾದ 3ಜಿಪಿಪಿ ರಿಲೀಸ್ 16ರಿಂದ ಬಲಗೊಂಡ 5ಜಿ ಸ್ಥಾನಪತ್ತೆ, ಇವುಗಳ ಬಲ ಮತ್ತು ಮಿತಿ ತಿಳಿದಿರಲಿ. ಜರ್ಮನಿ 3.7ರಿಂದ 3.8 ಗಿಗಾಹರ್ಟ್ಸ್ ಪಟ್ಟಿಯನ್ನು ಕಾರ್ಖಾನೆಗಳ ಸ್ವಂತ 5ಜಿ ಜಾಲಗಳಿಗೆಂದು ಮೀಸಲಿಟ್ಟಿದೆ. ಬೇರೆ ಬೇರೆ ಕಂಪನಿಗಳ ಟ್ಯಾಗ್‌ಗಳು (ಪತ್ತೆಹಚ್ಚಬೇಕಾದ ವಸ್ತುವಿಗೆ ಅಂಟಿಸುವ ಪುಟ್ಟ ರೇಡಿಯೊ ಸಾಧನಗಳು) ಒಂದೇ ವ್ಯವಸ್ಥೆಯಲ್ಲಿ ಹೊಂದಿ ನಡೆಯುವಂತೆ ಮಾಡುವ ಓಮ್‌ಲಾಕ್ಸ್ ಮಾನದಂಡದ ಹೆಸರೂ ಸಂದರ್ಶನದಲ್ಲಿ ಬರಬಹುದು.

ಭಾರತದ ಸ್ವಂತ ಉಪಗ್ರಹ ಸ್ಥಾನಪತ್ತೆ ವ್ಯವಸ್ಥೆಯಾದ ನಾವಿಕ್‌ನ ರಿಸೀವರ್‌ಗಳ ಮೇಲೆ ಕೆಲಸ ಮಾಡಿದವರು ಅದನ್ನು ಅರ್ಜಿಯ ಮೂಲೆಯಲ್ಲಿ ಮುಚ್ಚಿಡಬಾರದು. ನಾವಿಕ್‌ನ ಎಲ್5 ಸಂಕೇತ ಮತ್ತು ಗೆಲಿಲಿಯೊದ ಇ5ಎ ಸಂಕೇತ ಎರಡರ ಕೇಂದ್ರ ಆವರ್ತನವೂ 1176.45 ಮೆಗಾಹರ್ಟ್ಸ್. ಆ್ಯಂಟೆನಾ, ಫಿಲ್ಟರ್‌ಗಳ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಕಾಗದದ ಮೇಲಿನ ಈ ತಿಳಿವಳಿಕೆ ಕಾರ್ಖಾನೆಯ ನೆಲದಲ್ಲಿ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಒಂದು ಚಿತ್ರ. ಎತ್ತರದ ಛಾವಣಿಯ ಕಾರ್ಖಾನೆ ಶೆಡ್, ನಾಲ್ಕು ಕಂಬಗಳಿಗೆ ನಾಲ್ಕು ಆ್ಯಂಕರ್. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಗಡಿಯಾರ ಅಷ್ಟು ತಪ್ಪಿದರೆ ದೂರವೂ ಅಷ್ಟೇ ತಪ್ಪುತ್ತದೆ. ಬೆಳಿಗ್ಗೆ ಖಾಲಿ ನೆಲದಲ್ಲಿ ಟ್ಯಾಗ್ ಅಂಗೈ ಅಗಲದೊಳಗೆ ನಿಖರ. ಮಧ್ಯಾಹ್ನ ಉಕ್ಕಿನ ಕಪಾಟುಗಳನ್ನು ತಂದಿಟ್ಟ ಕೂಡಲೇ ನೇರ ದಾರಿ ಮುಚ್ಚಿ, ಸಂಕೇತ ಕಪಾಟಿಗೆ ಬಡಿದು ತಿರುಗಿ ಬರುತ್ತದೆ. ಪರದೆಯ ಮೇಲೆ ಟ್ರಾಲಿ ಗೋಡೆಯ ಆಚೆಗೆ ಹಾರುತ್ತದೆ. ಪರಿಹಾರ ಕೋಡಿನಲ್ಲಿಲ್ಲ. ಲಿಫ್ಟ್ ಏರಿ ಐದನೆಯ ಆ್ಯಂಕರ್ ಕಟ್ಟಬೇಕು, ಟೋಟಲ್ ಸ್ಟೇಷನ್ ಎಂಬ ಭೂಮಾಪನ ಉಪಕರಣದಿಂದ ಅದರ ಜಾಗವನ್ನು ಹೊಸದಾಗಿ ಅಳೆಯಬೇಕು. ಶುಕ್ರವಾರ ಸಂಜೆಯ ರೈಲು ತಪ್ಪುವುದು ಇಂಥ ಕಾರಣಗಳಿಂದಲೇ. ಆದ್ದರಿಂದ ಸಂಸಾರ ವಿಮಾನದಿಂದ ಇಳಿಯುವ ವಾರದಲ್ಲಿ ಯಾವ ಸ್ಥಾಪನೆಯನ್ನೂ ಒಪ್ಪಿಕೊಳ್ಳಬೇಡಿ.

ಇನ್ನೊಂದು ಅನಿಶ್ಚಿತತೆಗೆ ತಂತ್ರಜ್ಞಾನ ಕಾರಣವಲ್ಲ. ಟ್ಯಾಗ್ ಉಪಕರಣದ ಮೇಲಿದ್ದರೂ ಅದನ್ನು ಹಿಡಿದವನ ಚಲನವಲನ ತಿಳಿಯುತ್ತದೆ. ನೌಕರರ ನಡವಳಿಕೆಯ ಮೇಲೆ ಕಣ್ಣಿಡಬಲ್ಲ ಸಾಧನವನ್ನು ತರಬೇಕಾದರೆ ಬೆಟ್ರೀಬ್ಸ್‌ರಾಟ್ ಎಂಬ ನೌಕರ ಮಂಡಳಿಯ ಒಪ್ಪಿಗೆ ಬೇಕೆಂದು ಅಲ್ಲಿನ ನೌಕರ ಮಂಡಳಿ ಕಾಯ್ದೆಯ 87ನೇ ಕಲಮು ಹೇಳುತ್ತದೆ. ಮೇಲಿಂದ 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ರಕ್ಷಣೆಯ ನಿಯಮ. ಮಾಹಿತಿಯನ್ನು ಎಷ್ಟು ದಿನ ಇಡುತ್ತೀರಿ, ಹೆಸರಿಗೂ ಟ್ಯಾಗ್ ಸಂಖ್ಯೆಗೂ ಕೊಂಡಿ ಯಾರ ಬಳಿ ಇರುತ್ತದೆ, ಶೌಚಾಲಯ ಮತ್ತು ವಿಶ್ರಾಂತಿ ಕೊಠಡಿಗಳನ್ನು ನಕ್ಷೆಯಿಂದ ತೆಗೆದಿದ್ದೀರಾ ಎಂದು ಮಂಡಳಿ ಒಂದೊಂದಾಗಿ ಕೇಳುತ್ತದೆ. ಕೇಳಬೇಕಾದದ್ದೇ. ಈ ಮಾತುಕತೆ ಎಳೆದರೆ ಜೂನ್‌ಗೆ ಗೊತ್ತಾಗಿದ್ದ ಸ್ಥಾಪನೆ ಆಗಸ್ಟ್‌ಗೆ ಜಾರುತ್ತದೆ, ನಿಮ್ಮ ರಜೆಯೂ ಅದರ ಹಿಂದೆ ಜಾರುತ್ತದೆ. ಯೋಜನೆಯ ವೇಳಾಪಟ್ಟಿ ನೋಡಿದಾಗಲೆಲ್ಲ ‘ಮಂಡಳಿಯ ಒಪ್ಪಂದ ಆಗಿದೆಯೇ’ ಎಂದು ಕೇಳಿ. ಆಗಿಲ್ಲವೆಂದರೆ ಆ ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಹಂತ 3: ಊರಲ್ಲಿರುವಾಗಲೇ ಕಾಗದಪತ್ರ

ಮೊದಲು ಹೆಸರು. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮ ಅನೇಕರ ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ. ಗಂಡನದು ಊರಿನ ಹೆಸರು, ಹೆಂಡತಿಯದು ತಂದೆಯ ಹೆಸರು, ಮಗುವಿನದು ಅಪ್ಪನ ಹೆಸರು ಎಂದಿರುವುದೂ ಉಂಟು. ಜರ್ಮನಿಯ ಪ್ರತಿ ಅರ್ಜಿಗೂ ಕುಟುಂಬದ ಹೆಸರು ಬೇಕು. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ವೀಸಾಕ್ಕೆ ಮುಂಚೆಯೇ ತಿದ್ದಿಸಿ, ಪದವಿ ಪ್ರಮಾಣಪತ್ರದೊಂದಿಗೂ ತಾಳೆ ನೋಡಿ.

ದೇವಸ್ಥಾನದಲ್ಲೋ ಛತ್ರದಲ್ಲೋ ಮದುವೆಯಾಗಿ ಸುಮ್ಮನಿದ್ದವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆಮಂತ್ರಣ ಪತ್ರಿಕೆ, ಫೋಟೊ ಆಲ್ಬಮ್‌ಗಳಿಂದ ದೂತಾವಾಸದಲ್ಲಿ ಕೆಲಸ ನಡೆಯುವುದಿಲ್ಲ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿದೆಯೇ ನೋಡಿ. ನಾಮಕರಣಕ್ಕೆ ಮುಂಚೆಯೇ ಜನನ ನೋಂದಣಿಯಾಗುವುದರಿಂದ ಅನೇಕ ಪ್ರಮಾಣಪತ್ರಗಳಲ್ಲಿ ಆ ಜಾಗ ಖಾಲಿ ಉಳಿದಿರುತ್ತದೆ.

ಪದವಿಗೆ ಮಾನ್ಯತೆ ಇದೆಯೇ ಎಂಬುದನ್ನು ಅನಾಬಿನ್ ಎಂಬ ಜರ್ಮನ್ ದತ್ತಸಂಚಯದಲ್ಲಿ ಹುಡುಕಬೇಕು. ಅಲ್ಲಿ ನಿಮ್ಮ ಎಂಜಿನಿಯರಿಂಗ್ ಕಾಲೇಜಿನ ಹೆಸರು ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಪದವಿ ಕೊಟ್ಟದ್ದು ವಿಟಿಯು ಆಗಿದ್ದರೆ ವಿಟಿಯು ಹೆಸರಿನಲ್ಲಿ ಹುಡುಕಿ.

ವೀಸಾ ವಿಷಯದಲ್ಲಿ ನಿಮಗೆ ಬೇಕಾದದ್ದು ಪದವೀಧರ ವಿದೇಶಿ ನೌಕರರಿಗೆ ಕೊಡುವ ಯುರೋಪಿನ ಬ್ಲೂ ಕಾರ್ಡ್. 2025ರಲ್ಲಿ ಇದಕ್ಕೆ ಬೇಕಿದ್ದ ಕನಿಷ್ಠ ವಾರ್ಷಿಕ ಸಂಬಳ 48,300 ಯೂರೋ, ಎಂಜಿನಿಯರ್‌ಗಳೂ ಸೇರಿದ ಕೊರತೆಯ ವೃತ್ತಿಗಳಿಗೆ 43,759.80 ಯೂರೋ. ಪ್ರತಿ ಜನವರಿಯಲ್ಲಿ ಈ ಮೊತ್ತ ಬದಲಾಗುತ್ತದೆ. ಕರ್ನಾಟಕದವರ ಅರ್ಜಿ ಬೆಂಗಳೂರಿನ ಜರ್ಮನ್ ದೂತಾವಾಸಕ್ಕೆ ಹೋಗುತ್ತದೆ. ಕಂಪನಿ ಅಲ್ಲಿಂದ 411 ಯೂರೋ ಕಟ್ಟಿ ತ್ವರಿತ ವಿಧಾನದಲ್ಲಿ ಅರ್ಜಿ ಹಾಕಿದರೆ ಕಾಯುವ ಕಾಲ ಕಡಿಮೆಯಾಗುತ್ತದೆ. ಹೆಂಡತಿ ಅಥವಾ ಗಂಡ ಮತ್ತು ಮಕ್ಕಳ ಅರ್ಜಿಯನ್ನೂ ಅದೇ ವಿಧಾನದೊಳಗೆ ಸೇರಿಸಬಹುದು. ಇದನ್ನು ಕಂಪನಿಯವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ವೀಸಾ ಹಂತದಲ್ಲಿ ಜರ್ಮನ್ ಭಾಷೆಯ ಪರೀಕ್ಷೆ ಬೇಕಿಲ್ಲ, ಅಲ್ಲಿ ಹೋದ ಮೇಲೆ ಕೆಲಸಕ್ಕೆ ಸೇರಲು ನಿರ್ಬಂಧವೂ ಇಲ್ಲ.

ಮಕ್ಕಳ ಲಸಿಕೆಯ ದಾಖಲೆಯನ್ನು ಮರೆಯಬೇಡಿ. 2020ರ ಮಾರ್ಚ್‌ನಿಂದ ಜರ್ಮನಿಯಲ್ಲಿ ದಡಾರದ ಲಸಿಕೆಯ ದಾಖಲೆಯಿಲ್ಲದೆ ಕಿಟಾದಲ್ಲಿ ಪ್ರವೇಶವಿಲ್ಲ, ಶಾಲೆಯಲ್ಲೂ ಕೇಳುತ್ತಾರೆ. ತಾಯಿ ಕಾರ್ಡಿನಲ್ಲಿ ಎಎನ್‌ಎಂ ಅಕ್ಕ ಗೀಚಿದ ದಿನಾಂಕಗಳನ್ನು ಮಕ್ಕಳ ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ.

ಹಂತ 4: ಒಟ್ಟಿಗೆ ಹೋಗಬೇಕೋ, ಮುಂಚೆ ಒಬ್ಬರೋ?

ಮನೆ ಗೊತ್ತಾಗುವವರೆಗೆ ನೀವೊಬ್ಬರೇ ಹೋಗಿರುವುದು ಒಳ್ಳೆಯದು. ಮಕ್ಕಳನ್ನು ಕಟ್ಟಿಕೊಂಡು ತಾತ್ಕಾಲಿಕ ಕೋಣೆಯಲ್ಲಿ ಮನೆ ಹುಡುಕುವುದು ಎಲ್ಲರನ್ನೂ ಹಣ್ಣು ಮಾಡುತ್ತದೆ. ಆದರೆ ಎರಡು–ಮೂರು ತಿಂಗಳಿಗಿಂತ ಹೆಚ್ಚು ಎಳೆಯಬೇಡಿ. ತೆರಿಗೆಯ ಲೆಕ್ಕವೂ ಇದೆ. ಸಂಗಾತಿ ಭಾರತದಲ್ಲಿರುವವರೆಗೆ ನೀವು ಒಂದನೇ ತೆರಿಗೆ ವರ್ಗದಲ್ಲಿ, ಅಂದರೆ ಅವಿವಾಹಿತರ ಸಾಲಿನಲ್ಲಿ. ಅವರು ಬಂದು ವಿಳಾಸ ನೋಂದಾಯಿಸಿದ ಮೇಲೆ ವರ್ಗ ಬದಲಾಗುತ್ತದೆ. ಇಬ್ಬರಲ್ಲಿ ಒಬ್ಬರದೇ ಸಂಬಳವಾದರೆ ದುಡಿಯುವವರಿಗೆ ಮೂರು, ಇನ್ನೊಬ್ಬರಿಗೆ ಐದು ಎಂಬ ವರ್ಗಕ್ಕೆ ಅರ್ಜಿ ಹಾಕಿ ತಿಂಗಳ ಕೈಸಂಬಳ ಹೆಚ್ಚಿಸಿಕೊಳ್ಳಬಹುದು. ವರ್ಷದ ಯಾವ ಭಾಗದಲ್ಲಾದರೂ ಇಬ್ಬರೂ ಅಲ್ಲಿ ನೆಲೆಸಿದ್ದರೆ ಆ ವರ್ಷದ ತೆರಿಗೆ ವಿವರವನ್ನು ಜಂಟಿಯಾಗಿ ಸಲ್ಲಿಸಬಹುದು. ಹಾಗಾಗಿ ಸಂಸಾರವನ್ನು ಜನವರಿಗೆ ಕರೆಸಿಕೊಳ್ಳುವ ಯೋಚನೆಯಿದ್ದರೆ ಡಿಸೆಂಬರ್‌ನಲ್ಲೇ ಕರೆಸುವುದರಿಂದ ಲಾಭವಾಗಬಹುದು. ಭಾರತದಲ್ಲಿ ಗಳಿಸಿದ ಆದಾಯವು ಜರ್ಮನಿಯ ತೆರಿಗೆ ದರವನ್ನು ಏರಿಸುವುದರಿಂದ ಲೆಕ್ಕಿಗರನ್ನು ಒಮ್ಮೆ ಕೇಳಿ. ಕ್ರಿಸ್‌ಮಸ್ ವಾರದಲ್ಲಿ ನಿಮ್ಮನ್ನು ಯಾವುದಾದರೂ ಸ್ಥಾಪನೆಗೆ ಹಾಕಿದ್ದಾರೆಯೇ ಎಂದೂ ನೋಡಿಕೊಳ್ಳಿ.

ಹಂತ 5: ಮನೆ ಮತ್ತು ವಿಳಾಸ

ಎಲ್ಲದರ ಬೇರು ಆನ್‌ಮೆಲ್ಡುಂಗ್ ಎಂಬ ವಿಳಾಸ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು, ಅದಕ್ಕೆ ಮಾಲೀಕರು ಸಹಿ ಮಾಡಿದ ಒಂದು ಪತ್ರ ಬೇಕು. ತೆರಿಗೆ ಸಂಖ್ಯೆ, ಶಾಲೆ, ಮಕ್ಕಳ ಭತ್ಯೆ ಎಲ್ಲವೂ ಇದರ ನಂತರವೇ. ತಾತ್ಕಾಲಿಕ ಮನೆ ಹಿಡಿಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ‘ಇಲ್ಲಿ ವಿಳಾಸ ನೋಂದಾಯಿಸಲು ಬಿಡುತ್ತೀರಾ’ ಎಂಬುದು.

ಜಾಹೀರಾತಿನ ‘ಮೂರು ಕೋಣೆ’ ನಮ್ಮ ಎರಡು ಬೆಡ್‌ರೂಮಿನ ಮನೆಗೆ ಸಮ. ಹಜಾರವನ್ನೂ ಕೋಣೆಯೆಂದೇ ಎಣಿಸುತ್ತಾರೆ. ಬಾಡಿಗೆಯಲ್ಲಿ ಎರಡು ಮೊತ್ತ: ‘ತಣ್ಣನೆಯದು’ ಬರಿಯ ಬಾಡಿಗೆ, ‘ಬೆಚ್ಚನೆಯದು’ ಹೀಟಿಂಗ್ ಮತ್ತು ನಿರ್ವಹಣೆ ಸೇರಿದ್ದು. ಮುಂಗಡ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸಮಾಧಾನದ ಸುದ್ದಿ. ಆದರೆ ಅನೇಕ ಮನೆಗಳಲ್ಲಿ ಅಡುಗೆಮನೆಯೆಂದರೆ ನಾಲ್ಕು ಗೋಡೆ ಮತ್ತು ನೀರಿನ ಕೊಳವೆ, ಅಷ್ಟೇ. ಸಿಂಕ್, ಒಲೆ, ಕಪಾಟು ನೀವೇ ಹಾಕಿಸಬೇಕು, ಇಲ್ಲವೇ ಬಿಟ್ಟು ಹೋಗುವ ಬಾಡಿಗೆದಾರರಿಂದ ಕೊಳ್ಳಬೇಕು. ಒಲೆ ಇಂಡಕ್ಷನ್ ಆಗಿದ್ದರೆ ಊರಿಂದ ಹೊತ್ತೊಯ್ದ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗದು. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ, ಜೊತೆಗೆ ಎರಡು ಗ್ಯಾಸ್ಕೆಟ್.

ಅಂಚೆ ಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದು ಸಣ್ಣ ಕೆಲಸವೆಂದು ಮುಂದೂಡಬೇಡಿ. ಅಂಚೆಯವರು ಮನೆ ಸಂಖ್ಯೆಗಿಂತ ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ ಕಾಗದ ಹಾಕುತ್ತಾರೆ. ಗಂಡ, ಹೆಂಡತಿ, ಮಗು ಮೂವರ ಕುಟುಂಬದ ಹೆಸರೂ ಬೇರೆಯಾದರೆ ಮೂರನ್ನೂ ಬರೆದು ಅಂಟಿಸಿ. ಇಲ್ಲದಿದ್ದರೆ ಹೆಂಡತಿಯ ತೆರಿಗೆ ಸಂಖ್ಯೆ, ಮಗುವಿನ ವಿಮೆ ಕಾರ್ಡ್ ಬಂದ ದಾರಿಯಲ್ಲೇ ವಾಪಸು ಹೋಗುತ್ತವೆ.

ಹಂತ 6: ವಿಮೆ ಮತ್ತು ಮಕ್ಕಳ ಭತ್ಯೆ

ಸಂಬಳ ಹೆಚ್ಚಿದ್ದರೆ ಖಾಸಗಿ ಆರೋಗ್ಯ ವಿಮೆಯವರು ಕಡಿಮೆ ಕಂತಿನ ಆಸೆ ತೋರಿಸುತ್ತಾರೆ. ಒಂಟಿಯಾಗಿದ್ದವರಿಗೆ ಆ ಲೆಕ್ಕ ಸರಿಯಿರಬಹುದು. ಖಾಸಗಿಯಲ್ಲಿ ತಲೆಗೊಂದು ಕಂತು. ಸಾರ್ವಜನಿಕ ವಿಮೆಯಲ್ಲಿ ದುಡಿಯದ ಸಂಗಾತಿಯೂ ಮಕ್ಕಳೂ ನಿಮ್ಮ ಕಂತಿನಲ್ಲೇ ಅಡಕ. ಮಗುವಿಗೆ ಜ್ವರ ಬಂದಾಗ ಸಿಗುವ ವೇತನ ಭತ್ಯೆಯ ರಜೆಯೂ ಸಾರ್ವಜನಿಕ ವಿಮೆಯವರಿಗೆ ಮಾತ್ರ. 2024 ಮತ್ತು 2025ರಲ್ಲಿ ಅದು ಪ್ರತಿ ಮಗುವಿಗೆ ತಂದೆಗೆ 15, ತಾಯಿಗೆ 15 ದಿನ. ಸಂಸಾರಸ್ಥರು ಬೇರೆ ಯೋಚನೆ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಮಕ್ಕಳ ಭತ್ಯೆ 2025ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೋ. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳದ್ದನ್ನಷ್ಟೇ ಕೊಡುತ್ತಾರೆ.

ಹಂತ 7: ಶಾಲೆ

ಮಗು ಕಿಟಾದ ವಯಸ್ಸಿನದಾದರೆ ಇರುವ ಕಷ್ಟ ಸೀಟಿನದು. ಒಂದು ವರ್ಷ ತುಂಬಿದ ಮಗುವಿಗೆ 2013ರಿಂದ ಕಾನೂನಿನ ಹಕ್ಕಿದ್ದರೂ ದೊಡ್ಡ ಊರುಗಳಲ್ಲಿ ಸರದಿ ಉದ್ದ. ವಿಳಾಸ ಸಿಕ್ಕ ದಿನವೇ ಹೆಸರು ಬರೆಸಿ. ಮಗುವನ್ನು ಹೊಂದಿಸುವ ಮೊದಲ ಕೆಲವು ವಾರ ಪೋಷಕರೊಬ್ಬರು ಜೊತೆಯಲ್ಲಿ ಕೂರಬೇಕಾಗುತ್ತದೆ. ಆ ವಾರಗಳಲ್ಲಿ ಪ್ರಯಾಣ ಬೇಡ.

ಮೂರು ಅಥವಾ ನಾಲ್ಕನೇ ತರಗತಿಯ ಮಗುವಿದ್ದರೆ ನಿಜಕ್ಕೂ ಕೂತು ಯೋಚಿಸಬೇಕು. ಬವೇರಿಯಾದಲ್ಲಿ ನಾಲ್ಕನೇ ತರಗತಿಯ ಕೊನೆಗೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ. ವಿಶ್ವವಿದ್ಯಾಲಯದ ದಾರಿ ಹಿಡಿಯುವ ಗಿಮ್ನಾಸಿಯಂ ಸೇರಲು ಜರ್ಮನ್, ಗಣಿತ ಮತ್ತು ಪರಿಸರ ಪಾಠ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಲ್ಲಿ 1 ಅತ್ಯುತ್ತಮ, 6 ಅತಿ ಕೆಳಗೆ. ಒಂದನೇ ತರಗತಿಯಿಂದ ಜರ್ಮನ್ ಶಾಲೆಯಲ್ಲಿ ಓದಿರದ ಪರಭಾಷೆಯ ಮಕ್ಕಳಿಗೆ ಸಡಿಲಿಕೆಗೆ ಅವಕಾಶವಿದೆ, ಶಾಲೆಯ ಮುಖ್ಯಸ್ಥರನ್ನು ಕೇಳಿ. ಮುಂದೆ ಒಂದು ಬಗೆಯ ಶಾಲೆಯಿಂದ ಇನ್ನೊಂದಕ್ಕೆ ಹಾದುಹೋಗುವ ದಾರಿಗಳೂ ಇವೆ. ಆದರೂ ಹೊಸ ಭಾಷೆ ಕಲಿಯುತ್ತಿರುವ ಒಂಬತ್ತರ ಮಗುವಿನ ಮೇಲೆ ಇದು ಹೆಚ್ಚಿನ ಹೊರೆ. ಬರ್ಲಿನ್ ಮತ್ತು ಬ್ರಾಂಡನ್‌ಬರ್ಗ್‌ಗಳಲ್ಲಿ ಪ್ರಾಥಮಿಕ ಶಾಲೆ ಆರನೇ ತರಗತಿಯವರೆಗೆ ಇದೆ. ಎರಡು ಊರುಗಳಿಂದ ಕೆಲಸ ಸಿಕ್ಕಿದ್ದರೆ ಸಂಬಳದ ವ್ಯತ್ಯಾಸಕ್ಕಿಂತ ಇದನ್ನು ಮೇಲಿಟ್ಟು ತೂಗಿ.

ಮನೆಯಲ್ಲೇ ಕೂರಿಸಿ ಆನ್‌ಲೈನ್‌ನಲ್ಲಿ ಸಿಬಿಎಸ್‌ಇ ಓದಿಸುತ್ತೇವೆ ಎಂಬ ಯೋಜನೆ ಅಲ್ಲಿ ನಡೆಯದು. ಮಕ್ಕಳು ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ. ನಮ್ಮ ಶಾಲೆಗಳು ಏಪ್ರಿಲ್‌ನಲ್ಲಿ ರಜೆಗೆ ಮುಚ್ಚುತ್ತವೆ, ಅವರ ವರ್ಷ ಸೆಪ್ಟೆಂಬರ್‌ನಲ್ಲಿ ಶುರು. ವರ್ಷ ಮುಗಿಸಿ, ವರ್ಗಾವಣೆ ಪತ್ರ ಪಡೆದು, ಮೇ ತಿಂಗಳಲ್ಲಿ ಹೋದರೆ ಮಗು ಜುಲೈ ಕೊನೆಯವರೆಗೆ ತರಗತಿಯಲ್ಲಿ ಕೂತು ನಾಲ್ಕು ಮಕ್ಕಳ ಹೆಸರನ್ನಾದರೂ ಕಲಿಯುತ್ತದೆ. ಆಗಸ್ಟ್‌ನಲ್ಲಿ ಇಳಿದರೆ ಆರು ವಾರ ಗೆಳೆಯರಿಲ್ಲದ ರಜೆ, ಅದರ ಮೇಲೆ ನೀವು ಮನೆಯಲ್ಲಿರುವುದಿಲ್ಲ.

ಹಂತ 8: ನೀವು ಊರಲ್ಲಿಲ್ಲದ ಮೊದಲ ವಾರ

ಸಂಸಾರ ಬಂದ ಮೇಲಿನ ಮೊದಲ ಸ್ಥಾಪನೆಗೆ ಹೊರಡುವ ಮುನ್ನ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ವೈದ್ಯರಿಗೆ 116117. ಮನೆಯ ವಿಳಾಸವನ್ನು ಜರ್ಮನ್ ಉಚ್ಚಾರಣೆಯಲ್ಲಿ ಕನ್ನಡ ಲಿಪಿಯಲ್ಲೇ ಬರೆದಿಡಿ. ಗಾಬರಿಯಲ್ಲಿ ಬೀದಿಯ ಹೆಸರು ಬಾಯಿಗೆ ಬರುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಹಾಲು–ಮೊಸರು ಶನಿವಾರವೇ ಇರಲಿ. ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ಊರುಗಳಲ್ಲಿ ಕನ್ನಡ ಸಂಘಗಳಿವೆ. ರಾಜ್ಯೋತ್ಸವಕ್ಕೆ ಕಾಯದೆ ಮೊದಲೇ ಪರಿಚಯ ಮಾಡಿಕೊಂಡರೆ ತುರ್ತಿಗೆ ಫೋನ್ ಮಾಡಲು ಒಬ್ಬರಾದರೂ ಇರುತ್ತಾರೆ.

ಭಾರತದ ಚಾಲನಾ ಪರವಾನಗಿ ಅಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಅಲ್ಲಿನ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಕಾರಿನ ಡಿಕ್ಕಿ ತುಂಬ ಆ್ಯಂಕರ್ ಹೇರಿಕೊಂಡು ಗ್ರಾಹಕರ ಬಳಿ ಹೋಗಬೇಕಾದ ಹುದ್ದೆಯಾದರೆ ಮೊದಲ ತಿಂಗಳೇ ಡ್ರೈವಿಂಗ್ ಶಾಲೆಗೆ ಸೇರಿ, ಖರ್ಚನ್ನು ಕಂಪನಿ ಕೊಡುತ್ತದೆಯೇ ಎಂದು ಕೇಳಿ.

ಹಂತ 9: ಎರಡನೆಯ ವರ್ಷದ ಕಡೆಗೆ

ಬ್ಲೂ ಕಾರ್ಡ್ ಇದ್ದವರು 27 ತಿಂಗಳ ನಂತರ ಶಾಶ್ವತ ನೆಲೆಸುವ ಪರವಾನಗಿ ಕೇಳಬಹುದು. ಜರ್ಮನ್ ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟ ಮುಟ್ಟಿದ್ದರೆ 21 ತಿಂಗಳು ಸಾಕು. ಮೊದಲ 12 ತಿಂಗಳೊಳಗೆ ಕೆಲಸ ಬದಲಿಸುವುದಾದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಅಲ್ಲಿ ಕಟ್ಟಿದ ಪಿಂಚಣಿ ವಂತಿಗೆಯ ಅವಧಿಗೂ ಭಾರತದ ಅವಧಿಗೂ ಕೊಂಡಿ ಹಾಕುವ ಸಾಮಾಜಿಕ ಭದ್ರತೆಯ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆದ್ದರಿಂದ ಪಿಎಫ್ ದಾಖಲೆಗಳನ್ನು ಎಸೆಯಬೇಡಿ.

ಭಾಷೆಯ ತರಗತಿಗೆ ಸಂಗಾತಿಯೂ ಸೇರುವುದಿದ್ದರೆ ಒಬ್ಬರಿಗೆ ಬೆಳಗಿನ ತರಗತಿ, ಇನ್ನೊಬ್ಬರಿಗೆ ಸಂಜೆಯ ಆನ್‌ಲೈನ್ ತರಗತಿ ಆರಿಸಿ. ಪ್ರಯಾಣದಲ್ಲಿರುವವರು ಹೋಟೆಲಿನಿಂದಲೇ ಅದನ್ನು ಕೇಳಬಹುದು, ಮಗುವನ್ನು ಕಿಟಾದಿಂದ ಕರೆತರುವ ಹೊತ್ತಿಗೆ ಎರಡೂ ಅಡ್ಡ ಬರುವುದಿಲ್ಲ.